ಟಿವಿಯ ಪಕ್ಕದ ದೇವರು

ಪರದೇಶದ ಈ ಆಮ್ಸ್ಟೆಲ್‌ವೀನ್ ಊರಿನ ನಮ್ಮ ಫ್ಲ್ಯಾಟಿನಲ್ಲಿ ದೇವರಮನೆ ಇಲ್ಲ. ಬಂದ ಹೊಸದರಲ್ಲಿ ಹಾಲಿನ ಟಿವಿ ಸ್ಟ್ಯಾಂಡಿನ ಬಲಗಡೆ ಮಣೆ ಹಾಕಿ ದೇವರನ್ನು ಕೂರಿಸಿದೆ. ಪೂರ್ವಕ್ಕೆ ಮುಖ ಬರುವ ಜಾಗ ಅದೊಂದೇ ಇತ್ತು. ಈಗ ಅದೇ ದಿನನಿತ್ಯದ ತಲೆನೋವು. ಬೇಸಿಗೆಯಲ್ಲಿ ಇಲ್ಲಿ ರಾತ್ರಿಯೂಟ ಮುಗಿದರೂ ಹೊತ್ತು ಮುಳುಗುವುದಿಲ್ಲ. ಹಾಗಾಗಿ ಸೂರ್ಯನನ್ನು ನಂಬದೆ, ಮಗಳು ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ದೀಪ ಹಚ್ಚುವುದು ನಮ್ಮ ಮನೆಯ ಪದ್ಧತಿ. ಅವಳು ನನ್ನ ಪಕ್ಕ ಕೂರುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ಅದೂ ಟಿವಿಯ ಪಾಲಾಗತೊಡಗಿತು.

ಶಾಲೆಯಲ್ಲಿ ಅವಳಿಗೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮಹಾಯುದ್ಧದ ನಂತರ ಇಂಗ್ಲೆಂಡಿನ ಮನೆಗಳಿಗೆ ಟಿವಿ ಬಂದಾಗ ಹರೆಯದ ಮಕ್ಕಳು ಹೇಗೆ ಬದಲಾದರು ಎಂಬುದು ವಿಷಯ. ಅಂದಿನಿಂದ ದೇವರ ಪಕ್ಕದಲ್ಲೇ ಕಪ್ಪುಬಿಳುಪಿನ ಕುಣಿತ. ನಾನು ಬತ್ತಿ ಹೊಸೆದು, ಎಣ್ಣೆ ಹಾಕಿ ಕಾಯಬೇಕು; ಗಿಡ್ಡ ಲಂಗದ ಹುಡುಗಿಯರು ಸ್ಟುಡಿಯೋದಲ್ಲಿ ತಲೆ ಕೊಡವುತ್ತಲೇ ಇರಬೇಕು.

“ಆಫ್ ಮಾಡೇ, ದೀಪ ಹಚ್ಬೇಕು.”

“ಅಮ್ಮ, ಇದು ಹೋಮ್‌ವರ್ಕ್. ಸೀರಿಯಸ್ಲಿ.”

“ಸೊಂಟ ಕುಣಿಸೋದೂ ಹೋಮ್‌ವರ್ಕಾ? ಹಾಗಿದ್ದಿದ್ರೆ ನಾನೂ ಫಸ್ಟ್ ಬರ್ತಿದ್ದೆ.”

“ಆ ಕಾಲದ ಅಮ್ಮಂದಿರೂ ಸೇಮ್ ಬೈತಿದ್ರು. ನೀನು ನನ್ನ ಪ್ರಾಜೆಕ್ಟಿಗೆ ಪರ್ಫೆಕ್ಟ್.”

ನನಗೆ ಮೈ ಉರಿಯಿತು. ಆಫೀಸಿನಿಂದ ಆಗಷ್ಟೇ ಬಂದ ನನ್ನವರು ಶೂ ಬಿಚ್ಚುತ್ತಲೇ ತೀರ್ಪು ಕೊಟ್ಟರು.

“ದಿನಾ ಯಾಕೆ ಜಗಳ? ದೇವರನ್ನ ಬೆಡ್‌ರೂಮಿಗೆ ಶಿಫ್ಟ್ ಮಾಡೋಣ. ಶನಿವಾರ ಒಂದು ಶೆಲ್ಫ್ ಹೊಡೀತೀನಿ.”

“ದೇವರೇ ಯಾಕ್ರೀ ಜಾಗ ಬಿಡ್ಬೇಕು? ಟಿವಿ ಎತ್ತಿಡಿ.”

“ಕೇಬಲ್ ಪಾಯಿಂಟ್ ಇರೋದು ಆ ಗೋಡೇಲಿ ಮಾತ್ರ.”

ಕೇಬಲ್ಲಿಗೆ ಇರುವ ಬೆಲೆ ದೇವರಿಗಿಲ್ಲ. ಬೇಸತ್ತು, “ಆಯ್ತು, ಹೊಡೀರಿ” ಎಂದುಬಿಟ್ಟೆ. ಮಗಳ ಮುಖ ಅರಳಿತು. ಅದನ್ನು ನೋಡಿದ ಮೇಲೆ ಕಾಲು ಅಡುಗೆಮನೆ ಕಡೆಗೂ ಏಳಲಿಲ್ಲ. ಅಲ್ಲೇ ಸೋಫಾದ ತುದಿಯಲ್ಲಿ ಕೂತೆ.

ಪರದೆಯ ಮೇಲೆ ಈಗ ಕುಣಿತ ಮುಗಿದು, ವಯಸ್ಸಾದ ಇಂಗ್ಲಿಷ್ ಹೆಂಗಸೊಬ್ಬಳು ತನ್ನ ಹಳೆಯ ಕಥೆ ಹೇಳುತ್ತಿದ್ದಳು. ಅವಳ ಉಚ್ಚಾರ ನನಗೆ ಹಿಡಿಯಲಿಲ್ಲ.

“ಏನಂತೆ?” ಎಂದೆ.

“ಟಿವಿ ಬಂದ್ಮೇಲೆ ಅವರ ಮನೇಲಿ ಕುರ್ಚಿಗಳೆಲ್ಲ ಚಳಿ ಕಾಯಿಸೋ ಬೆಂಕಿಗೂಡು ಬಿಟ್ಟು ಅದರ ಕಡೆ ತಿರುಗಿದ್ವಂತೆ. ಹಾಡಿನ ಪ್ರೋಗ್ರಾಮಿಗೋಸ್ಕರ ಇವಳ ಮಗಳಿಗೂ ಅವಳಪ್ಪನಿಗೂ ದಿನಾ ಫೈಟು. ತಡಿಯೋಕಾಗ್ದೆ ಮಗಳ ಮಹಡಿ ರೂಮಿಗೇ ಒಂದು ರೇಡಿಯೋ, ರೆಕಾರ್ಡ್ ಪ್ಲೇಯರ್ ತಂದ್ಕೊಟ್ರಂತೆ.”

“ಆಮೇಲೆ?”

“ಜಗಳ ನಿಂತುಹೋಯ್ತು. ಮಗಳು ಊಟಕ್ಕೆ ಬಿಟ್ರೆ ಕೆಳಗೇ ಬರ್ಲಿಲ್ಲ ಅಂತಿದಾಳೆ.”

ಹೇಳಿ ನನ್ನ ಮಗಳು, ಪರದೆಯಲ್ಲಿ ಮತ್ತೆ ಶುರುವಾದ ಕುಣಿತಕ್ಕೆ ಕಣ್ಣು ನೆಟ್ಟಳು. ನನಗೆ ಮಾತ್ರ ಆ ಹೆಂಗಸಿನ ಮುಖ ಕಣ್ಣಿಂದ ಹೋಗಲಿಲ್ಲ.

“ರೀ, ಶೆಲ್ಫ್ ಬೇಡ.”

“ಈಗ ತಾನೆ ಹೂಂ ಅಂದೆ?”

“ದೇವರು ಇಲ್ಲೇ ಇರ್ಲಿ. ಬೆಡ್‌ರೂಮಿಗೆ ಹೋದ್ರೆ ಇವಳು ಅತ್ತ ತಲೇನೂ ಹಾಕಲ್ಲ. ಇಲ್ಲಾದ್ರೆ ಜಗಳ ಆಡೋಕಾದ್ರೂ ಪಕ್ಕದಲ್ಲಿರ್ತಾಳೆ.”

ಮಗಳು ನಿಟ್ಟುಸಿರು ಬಿಟ್ಟು ರಿಮೋಟ್ ಒತ್ತಿ, ದೇವರ ಮುಂದೆ ಬಂದು ಚಕ್ಕಂಬಕ್ಕಳ ಹಾಕಿ ಕೂತಳು. “ಪಾಜ್ ಮಾಡಿದೀನಿ, ಆಫ್ ಮಾಡಿಲ್ಲ. ಬೇಗ ಮುಗಿಸಮ್ಮ.”

ಪರದೆಯಲ್ಲಿ ಹುಡುಗಿಯೊಬ್ಬಳು ಕೈಯೆತ್ತಿದವಳು ಹಾಗೇ ನಿಂತಿದ್ದಳು. ಅವಳ ಪಕ್ಕದಲ್ಲೇ ದೀಪ ಹಚ್ಚಿದೆ. ಆರತಿ ಮುಗಿಯುವ ತನಕ ರಿಮೋಟ್ ಮಗಳ ತೊಡೆಯ ಮೇಲಿತ್ತು, ಕೈಯಲ್ಲಿರಲಿಲ್ಲ. ಅಷ್ಟಾದರೂ ಕೊಟ್ಟೆಯಲ್ಲ ಎಂದು ದೇವರಿಗೆ ಕೈಮುಗಿದೆ. ಸಿಟ್ಟೇನೂ ಇಳಿದಿರಲಿಲ್ಲ.