ಮೂಗಿಲ್ಲದ ನಾಬ್

ಅಡುಗೆಮನೆಯ ಸಾಮಾನು ತಯಾರಿಸುವವರನ್ನೆಲ್ಲ ಒಂದು ವಾರ ಕಣ್ಣಿಗೆ ಬಟ್ಟೆ ಕಟ್ಟಿ ಅಡುಗೆಗೆ ಹಚ್ಚಬೇಕು ಎಂದು ನಾನು ಹೇಳಿದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಎಂಬತ್ತರ ದಶಕದ ಕೊನೆಯಲ್ಲಿ ಜೋಗೇಶ್ವರಿಯ ಒಂದು ಸಣ್ಣ ಯೂನಿಟ್ಟಿನಲ್ಲಿ ಗ್ಯಾಸ್ ಒಲೆಗಳ ಡ್ರಾಯಿಂಗ್ ಬರೆಯುತ್ತಿದ್ದವಳು ನಾನು. ಸಯನ್‌ನಲ್ಲಿ ಲೋಕಲ್ ಟ್ರೇನ್ ಹತ್ತಿ, ದಾದರ್‌ನಲ್ಲಿ ಬದಲಾಯಿಸಿ, ನೂಕಿಸಿಕೊಂಡು ನೂಕಿಕೊಂಡು ಹೋಗಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಲ್ಲುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು.

ನಮ್ಮ ಹಳೆಯ ಮಾಡೆಲ್‌ನಲ್ಲಿ ಉರಿ ಏರಿಸಿ ಇಳಿಸುವ ನಾಬಿಗೆ ಒಂದು ಮೂಗಿತ್ತು. ಕಪ್ಪು ಬೇಕಲೈಟಿನ ಗಡ್ಡೆಯಂಥ ನಾಬು, ಅದರ ಮೇಲೆ ಉಬ್ಬಿದ ಏಣು. ಮೂಗು ಮೇಲಕ್ಕಿದ್ದರೆ ಒಲೆ ಆರಿದೆ, ಅಡ್ಡಕ್ಕಿದ್ದರೆ ಜೋರು ಉರಿ, ಕೆಳಕ್ಕಿದ್ದರೆ ಸಣ್ಣ ಉರಿ. ನೋಡಲು ಕುರೂಪವೇ, ಇಲ್ಲವೆನ್ನುವುದಿಲ್ಲ. ಆದರೆ ಮುಟ್ಟಿದರೆ ಸಾಕು, ತಿಳಿಯುತ್ತಿತ್ತು.

ನಮ್ಮ ಮನೆಯಲ್ಲಿದ್ದದ್ದೂ ಆ ಒಲೆಯೇ, ನಮ್ಮ ಅತ್ತೆಗೆ ಬೇಕಾಗಿದ್ದದ್ದೂ ಅದೇ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವರ ದೃಷ್ಟಿ ಮುಕ್ಕಾಲು ಪಾಲು ಹೋಗಿತ್ತು. ಹೋದದ್ದು ವಾಪಸ್ ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಬೆಳಿಗ್ಗೆ ಮಡಿಯುಟ್ಟು ಅನ್ನ, ಸಾರು ಮಾಡುವವರು ಅವರೇ. ಒಮ್ಮೆ ಸೆರಗಿನ ತುದಿ ಸುಟ್ಟುಕೊಂಡಾಗ ನನ್ನ ಗಂಡ ಕೂಗಾಡಿದರು. "ಇನ್ನೊಂದ್ ಸಲ ಹೀಗಾದ್ರೆ ನೀನು ಒಲೆ ಮುಟ್ಟೋ ಹಾಗಿಲ್ಲ ನೋಡಮ್ಮ, ಈಗ್ಲೇ ಹೇಳಿಬಿಟ್ಟಿದೀನಿ."

"ಒಲೆ ಬಿಡ್ಸಿ ನನ್ನನ್ನ ಬೊಂಬೆ ಹಾಗೆ ಕೂರಿಸ್ತೀಯೇನೋ? ಅದಕ್ಕಿಂತ ಆ ದೇವ್ರು ಕರ್ಕೊಳ್ಳೋದೇ ವಾಸಿ," ಎಂದರು ಅತ್ತೆ. ಅವರು ತಮಾಷೆಗೆ ಹೇಳಿರಲಿಲ್ಲ. ನನಗೆ ಗೊತ್ತಿತ್ತು.

ಆ ವರ್ಷವೇ ನಮ್ಮ ಯೂನಿಟ್ಟಿನ ಸೇಠ್ ಹೊಸ ಮಾಡೆಲ್ ತೆಗೆದರು. ಕನ್ನಡಿಯಂತೆ ಹೊಳೆಯುವ ಸ್ಟೀಲ್ ಮೈ, ದುಂಡನೆಯ ನುಣುಪಾದ ನಾಬು. ಮೂಗಿಲ್ಲ, ಅದರ ಬದಲು ಸಾಸಿವೆಯಷ್ಟು ಕೆಂಪು ಚುಕ್ಕೆ. ನಾನು ಜಗಳಕ್ಕೇ ನಿಂತೆ. ಎಣ್ಣೆಗೈಯಲ್ಲಿ ಜಾರುತ್ತದೆ, ಹೊಗೆಯಲ್ಲಿ ಚುಕ್ಕೆ ಕಾಣುವುದಿಲ್ಲ, ಮುದುಕಿಯರು ಏನು ಮಾಡಬೇಕು ಎಂದೆ. ಸೇಠ್ ಚಹಾ ಸಾಸರಿಗೆ ಸುರಿದುಕೊಳ್ಳುತ್ತಾ, "ಬಹನ್‌ಜೀ, ದುಕಾನ್ ಮೇ ಔರತ್ ಪೆಹಲೇ ದೇಖ್ತೀ ಹೈ," ಎಂದರು. ಅಂಗಡಿಯಲ್ಲಿ ಹೆಂಗಸು ಮೊದಲು ಕಣ್ಣಿಂದಲೇ ನೋಡುತ್ತಾಳಂತೆ.

"ಔರ್ ಘರ್ ಜಾನೇ ಕೇ ಬಾದ್?" ಮನೆಗೆ ಒಯ್ದ ಮೇಲೆ ಏನು ಗತಿ ಎಂದೆ.

"ಘರ್ ಗಯಾ ಮತ್ಲಬ್ ಮಾಲ್ ಬಿಕ್ ಗಯಾ!" ಮನೆ ಸೇರಿತೆಂದರೆ ಮಾಲು ಮಾರಾಟವಾಯಿತು, ಅಷ್ಟೇ ಸೇಠ್ ಲೆಕ್ಕ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾನು ಕನ್ನಡದಲ್ಲಿ ಗೊಣಗಿದೆ. ಅವರಿಗೆ ಅರ್ಥವಾಗಲಿಲ್ಲ, ಆಗಿದ್ದರೂ ನಕ್ಕುಬಿಡುತ್ತಿದ್ದರು.

ದೀಪಾವಳಿಗೆ ಕೆಲಸದವರಿಗೆಲ್ಲ ಆ ಒಲೆಯನ್ನೇ ಉಡುಗೊರೆ ಕೊಟ್ಟರು. ನನ್ನ ಗಂಡ ಅದನ್ನು ಕಂಡು ಮರುಳಾದರು. ನಾನು ಬೇಡ ಬೇಡವೆಂದರೂ ಕೇಳದೆ ಹಳೆಯದನ್ನು ಗುಜರಿ ಕೊಳ್ಳುವ ಭಂಗಾರ್‌ವಾಲನಿಗೆ ಕೊಟ್ಟು, ಹೊಸದನ್ನು ತೋರಿಸಲು ಬಿಲ್ಡಿಂಗಿನವರನ್ನೆಲ್ಲ ಕರೆದರು. ಅತ್ತೆ ನಾಬನ್ನು ಸುತ್ತಲೂ ತಡವಿ, "ಇದಕ್ಕೆ ಹಿಂದು ಮುಂದು ಇಲ್ವೇನೇ?" ಎಂದು ಕೇಳಿದರು. ಆಗ ನನಗೆ ಅಳು ಬಂತು, ಸಿಟ್ಟೂ ಬಂತು.

ದಾರಿ ಹುಡುಕಿಕೊಂಡದ್ದು ಅತ್ತೆಯೇ. ದಿನಾ ಬೆಳಿಗ್ಗೆ ಒಲೆ ತೊಳೆದು ಪೂಜೆ ಮಾಡುವುದು ಅವರ ಪದ್ಧತಿ. ಆಗ ನಾಬಿನ ನೆತ್ತಿಗೆ ಗಟ್ಟಿ ಗಂಧ ಮೆತ್ತಿ, ಅದರಲ್ಲಿ ಒಂದು ಅಕ್ಷತೆ ಕಾಳು ಒತ್ತುತ್ತಿದ್ದರು. ಒಣಗಿದರೆ ಸಂಜೆಯವರೆಗೂ ಅಲುಗುತ್ತಿರಲಿಲ್ಲ. ಕಾಳು ಮೇಲಕ್ಕೆ ಬಂತೋ, ಒಲೆ ಆರಿತು. ಗಂಡ ಅದು ಭಕ್ತಿ ಎಂದುಕೊಂಡು ಸುಮ್ಮನಿದ್ದರು. ನಾನೂ ಬಾಯಿ ಬಿಡಲಿಲ್ಲ. ಆದರೆ ಯೂನಿಟ್ಟಿನ ಮಿಸ್ತ್ರಿಗೆ, ಹೊಸ ಒಲೆಯಲ್ಲಿ ನಾಬು ಸಿಕ್ಕಿಸುವ ಕಡ್ಡಿಗೆ ಕೂರುವಂತೆ ಮೂಗಿರುವ ಎರಡು ನಾಬು ಕೊರೆದುಕೊಡಪ್ಪಾ ಎಂದು ದುಂಬಾಲು ಬಿದ್ದಿದ್ದೆ. ಅವನದು ಒಂದೇ ಉತ್ತರ, "ಕಲ್ ದೇತಾ ಹೂಂ." ಆ ನಾಳೆ ಬರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಮೈಸೂರಿನಲ್ಲಿ ನಮ್ಮ ದಾಯಾದಿಯೊಬ್ಬರು ತೀರಿಕೊಂಡರು. ಹತ್ತು ದಿನ ಸೂತಕ. ಪೂಜೆಯಿಲ್ಲ, ಗಂಧವಿಲ್ಲ, ಅಕ್ಷತೆಯಿಲ್ಲ.

"ಅತ್ತೆ, ನಾಬಿಗೆ ಮಾತ್ರ ಇಡಿ. ಅದೇನು ಪೂಜೆಯಲ್ಲವಲ್ಲ," ಎಂದೆ.

"ಸೂತಕದಲ್ಲಿ ಅಕ್ಷತೆ ಮುಟ್ಟೋದುಂಟೇನೇ? ಅಡ್ಬಿಡ್ತು ಅನ್ನು!"

ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ತುಂಡನ್ನು ನಾಬಿಗೆ ಅಂಟಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆಗೆ ಎಣ್ಣೆ ಕುಡಿದು ಉದುರುತ್ತಿತ್ತು. ಮತ್ತೆ ಅಂಟಿಸುತ್ತಿದ್ದೆ. ಹೀಗೇ ಸೂತಕ ಕಳೆದೀತು ಎಂಬ ಆಸೆ.

ಹಾಗೆ ಕಳೆಯಲಿಲ್ಲ. ಒಂದು ಮಧ್ಯಾಹ್ನ ಸಣ್ಣ ಉರಿಯಲ್ಲಿಟ್ಟ ಹಾಲು ಉಕ್ಕಿ ಬೆಂಕಿ ಆರಿತು. ಉರಿಯ ಸದ್ದು ನಿಂತದ್ದು ತಿಳಿದು ಅತ್ತೆ ನಾಬನ್ನು ತಡವಿದ್ದಾರೆ. ಪ್ಲಾಸ್ಟರ್ ಬಿದ್ದುಹೋಗಿತ್ತು. ಎಲ್ಲ ಕಡೆಯೂ ಒಂದೇ ನುಣುಪು. ಉರಿಯ ಸದ್ದಿಲ್ಲವಲ್ಲ, ಆಗಲೇ ಆರಿಸಿದ್ದೇನೆ ಅಂದುಕೊಂಡು ಹೋಗಿ ಮಲಗಿದ್ದಾರೆ. ತಲೆನೋವೆಂದು ಆಫೀಸಿನಿಂದ ಬೇಗ ಬಂದ ನನ್ನ ಗಂಡನಿಗೆ ಬಾಗಿಲಲ್ಲೇ ಗ್ಯಾಸಿನ ವಾಸನೆ ಹೊಡೆಯಿತು. ಅವರು ಓಡಿಹೋಗಿ ಕಿಟಕಿ ತೆಗೆದರು, ಸಿಲಿಂಡರ್ ಮುಚ್ಚಿದರು. ಯಾರಿಗೂ ಏನೂ ಆಗಲಿಲ್ಲ.

ನಾನು ಬರುವಾಗ ತೀರ್ಪು ಆಗಿಹೋಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗಂಡ ಹೇಳಿದರು, "ಸಾಕಮ್ಮ. ನಾಳೆಯಿಂದ ಈ ಕಡೆ ಬರ್ಬೇಡ." ಹೇಳಿದವರೇ ಒಳಗೆ ಹೋಗಿ, ಮುಚ್ಚಿದ್ದ ಸಿಲಿಂಡರನ್ನು ಮತ್ತೊಮ್ಮೆ ಮುಟ್ಟಿ ನೋಡಿ ಬಂದರು. ಅವರನ್ನು ಬೈಯಲೂ ನನ್ನಿಂದ ಆಗಲಿಲ್ಲ. ಜಗಳಗಂಟಿ ಅತ್ತೆ ಅವತ್ತು ಗೋಡೆ ತಡವಿಕೊಂಡು ಹಾಲ್‌ಗೆ ನಡೆದುಬಿಟ್ಟರು.

ಸೂತಕ ಕಳೆಯಿತು. ಅತ್ತೆ ಗಂಧ ತೇಯಲಿಲ್ಲ. ಹಾಲ್‌ನ ಕುರ್ಚಿಯಲ್ಲಿ ಕೂತು, ನಾನು ಬಡಿಸಿದ್ದನ್ನು ಉಪ್ಪು ಹೆಚ್ಚು ಎನ್ನದೆ, ಹುಳಿ ಕಡಿಮೆ ಎನ್ನದೆ ಉಣ್ಣುತ್ತಿದ್ದರು. ಒಂದೇ ಒಂದು ಸಲ ಬೈದಿದ್ದರೂ ಸಾಕಿತ್ತು ನನಗೆ.

ಆ ವಾರ ಮಿಸ್ತ್ರಿ ನಾಬುಗಳನ್ನು ಕೊಟ್ಟ. ಕರೀ ಗಡ್ಡೆಗಳು, ಮೇಲೆ ದಪ್ಪ ಮೂಗು. ನಾನೇ ಕೂರಿಸಿ, ಅತ್ತೆಯ ಕೈ ಹಿಡಿದು ಕರೆತಂದೆ. ಬೆರಳು ತಾಗಿದ್ದೇ ತಡ, "ಇದು ಆರಿದೆ. ಇದೂ ಆರಿದೆ," ಎಂದರು. ಒಂದು ಗಳಿಗೆ ಮುಖ ಅರಳಿತು. ನಾನು ಗಂಡನತ್ತ ತಿರುಗಿ, "ಕೇಳಿದ್ರಲ್ಲಾ?" ಎಂದೆ.

"ಬೇಡ ಅಂದ್ನಲ್ಲ, ಬೇಡ," ಎಂದರು ಅವರು. "ಮೊದ್ಲು ಅದನ್ನ ತೆಗಿ. ಅಷ್ಟು ಚೆಂದದ ಒಲೆಗೆ ಇದೇನಿದು, ಅಸಹ್ಯವಾಗಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಾಬಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

"ತೆಗೆದ್ಬಿಡೇ," ಎಂದರು. "ನೋಡೋಕೆ ಚೆನ್ನಾಗಿರಲ್ಲ."