ಮೂವತ್ತರ ಸೊನ್ನೆ

ನಮ್ಮ ಮನೆ ಶಿವಮೊಗ್ಗದಲ್ಲಿ, ನಾನು ಪಾಠ ಮಾಡುವ ಶಾಲೆ ಭದ್ರಾವತಿಯ ಜನ್ನಾಪುರದಲ್ಲಿ. ದಿನಾ ಬಸ್ಸು. ಪಕ್ಕದಲ್ಲಿ ಕೂತ ಹೆಂಗಸರು ಊರು ಕೇಳುತ್ತಾರೆ, ಕೆಲಸ ಕೇಳುತ್ತಾರೆ, ಆಮೇಲೆ "ಎಷ್ಟು ಜನ ಮಕ್ಕಳು?" ಎಂದು ಕೇಳಿಯೇ ಕೇಳುತ್ತಾರೆ. "ಒಬ್ಬಳೇ ಮಗಳು" ಎಂದು ಹೇಳಿ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಎರಡನೇ ತರಗತಿಯ ಮಕ್ಕಳಿಗೆ ಎಣಿಕೆ ಕಲಿಸುವವಳೇ ಇಬ್ಬರನ್ನು ಒಬ್ಬಳೆಂದು ಹೇಳುತ್ತಿದ್ದೆ.

ನನಗೆ ಹುಟ್ಟಿದ್ದು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಾಲ್ಕು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಳು. ಚಿಕ್ಕವಳು ಹುಟ್ಟಿದಾಗ ನನ್ನ ಅತ್ತೆ ಮಗುವಿನ ಮುಖ ನೋಡಿ, "ಹೋದೋಳೇ ತಿರುಗಿ ಬಂದಿದ್ದಾಳೆ ಕಣೇ, ಇನ್ನು ಅಳಬಾರ್ದು" ಎಂದರು. ಹೆಸರೂ ದೊಡ್ಡವಳದನ್ನೇ ಇಟ್ಟರು. ತೊಟ್ಟಿಲೂ ಅದೇ, ಕಾಲಿನ ಗೆಜ್ಜೆಯೂ ಅದೇ. ಮಗು ನೋಡಿ ಹೆದರೀತು ಎಂದು ದೊಡ್ಡವಳ ಫೋಟೋ ಟ್ರಂಕು ಸೇರಿತು. ಅತ್ತೆ ಕೆಟ್ಟವರಲ್ಲ. ಅನ್ನ ಬಿಟ್ಟು ಮಲಗಿದ್ದ ನನ್ನನ್ನು ಎಬ್ಬಿಸಿ ಊಟಕ್ಕೆ ಕೂರಿಸಿದ್ದು ಅವರ ಆ ಮಾತೇ. ಆದರೆ ಆ ಹೆಸರು ಹಿಡಿದು ಕೂಗಿದಾಗಲೆಲ್ಲ ಒಬ್ಬಳೇ ಓಡಿ ಬರುತ್ತಿದ್ದಳು, ನನ್ನ ಕಣ್ಣು ಅವಳ ಹಿಂದೆ ಇನ್ನೊಬ್ಬಳನ್ನು ಹುಡುಕುತ್ತಿತ್ತು. ಚಿಕ್ಕವಳಿಗೆ ಏಳು ವರ್ಷವಾದರೂ ಅಕ್ಕನೊಬ್ಬಳಿದ್ದಳೆಂದು ಯಾರೂ ಹೇಳಿರಲಿಲ್ಲ. "ದೊಡ್ಡೋಳಾಗ್ಲಿ, ಹೇಳೋಣ" ಎನ್ನುತ್ತಿದ್ದರು ನನ್ನ ಗಂಡ. ಆ ದೊಡ್ಡವಳಾಗುವ ದಿನ ಯಾವುದೆಂದು ನಾನೂ ಕೇಳಲಿಲ್ಲ.

ಆ ವರ್ಷ ನನ್ನ ತರಗತಿಗೆ ಹೊಸ ಹುಡುಗನೊಬ್ಬ ಬಂದ. ಆಗ ಸ್ಥಾನಬೆಲೆಯ ಪಾಠ ನಡೆಯುತ್ತಿತ್ತು. ನಾನು ಅದನ್ನು ಬೋರ್ಡಿನಿಂದ ಶುರು ಮಾಡುವವಳಲ್ಲ. ಬೋರ್ಡು ನೋಡಿ ಕಲಿತದ್ದು ಬೋರ್ಡು ಒರೆಸಿದಾಗಲೇ ಹೋಗುತ್ತದೆ. ತೆಂಗಿನ ಪೊರಕೆ ತಂದು, ಕಡ್ಡಿಗಳನ್ನು ಗೇಣುದ್ದಕ್ಕೆ ಮುರಿದು ಮಕ್ಕಳ ಮುಂದೆ ಸುರಿಯುತ್ತೇನೆ. "ಮಕ್ಳ ಕೈಗೆ ಪೊರಕೆ ಕೊಡ್ತೀರಾ ಮಿಸ್?" ಎಂದು ಜಗಳಕ್ಕೆ ಬಂದ ತಾಯಂದಿರೂ ಇದ್ದಾರೆ. "ಕಸ ಗುಡಿಸದೇ ಇದ್ರೆ ಅದು ಬರೀ ಕಡ್ಡಿ ಕಣ್ರೀ" ಎಂದು ಅವರನ್ನು ಕಳಿಸಿದ್ದೇನೆ. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು, ಉಳಿದದ್ದು ಬಿಡಿ. ಕಟ್ಟುಗಳು ಎಡಕ್ಕೆ, ಬಿಡಿ ಬಲಕ್ಕೆ. ಮುಟ್ಟಿ, ಕಟ್ಟಿ, ಬಾಯಲ್ಲಿ ಹೇಳಿದ ಮೇಲೆಯೇ ಸ್ಲೇಟು ಕೈಗೆ ಕೊಡುವುದು.

ಈ ಹುಡುಗ ಕಟ್ಟುವುದರಲ್ಲಿ ಎಲ್ಲರಿಗಿಂತ ಮುಂದು. ಮೂರು ಕಟ್ಟು, ಐದು ಬಿಡಿ ಇಟ್ಟು "ಮೂವತ್ತೈದು ಮಿಸ್!" ಎಂದು ಎಲ್ಲರಿಗಿಂತ ಮೊದಲು ಕೂಗುತ್ತಿದ್ದ. ಬರೆ ಎಂದರೆ ಮಾತ್ರ 305 ಎಂದು ಬರೆಯುತ್ತಿದ್ದ. ನಾನು ನಡುವಿನ ಸೊನ್ನೆ ಅಳಿಸಿ ತೋರಿಸಿದೆ. ಮಾರನೇ ದಿನ ಮತ್ತೆ 305. ನನಗೋ ಮೂಗಿನ ತುದಿಯಲ್ಲೇ ಕೋಪ.

"ಮುನ್ನೂರೈದು ಕಡ್ಡಿ ಎಲ್ಲಿವೆ ಮಾರಾಯ, ತೋರ್ಸು ನೋಡೋಣ!" ಎಂದು ಗದರಿದೆ.

ಅವನು ಮೂರು ಕಟ್ಟುಗಳ ಮೇಲೆ ಕೈಯಿಟ್ಟು, "ಇದು ಮೂವತ್ತು" ಎಂದು 30 ಬರೆದ. ಬಿಡಿ ಕಡ್ಡಿಗಳನ್ನು ಮುಟ್ಟಿ, "ಇದು ಐದು" ಎಂದು ಪಕ್ಕದಲ್ಲೇ 5 ಬರೆದ. ಆಮೇಲೆ ನನ್ನ ಮುಖ ನೋಡಿದ.

"ನೀವು ಮೂವತ್ತರ ಸೊನ್ನೆ ಅಳಿಸಿಬಿಡ್ತೀರಿ. ಅದೆಲ್ಲಿಗೆ ಹೋಯ್ತು ಮಿಸ್?"

ಅವನ ಕಣ್ಣಲ್ಲಿ ನೀರಿತ್ತು. ಬೈಸಿಕೊಂಡದ್ದಕ್ಕಲ್ಲ, ಸೊನ್ನೆ ಹೋಯಿತಲ್ಲ ಎಂದು. "ಅದು ಹಾಗೇ ಕಣೋ" ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟ್ರುಗಳೆಲ್ಲ ಹೇಳುವುದು ಇದನ್ನೇ.

ಅಂದು ಸಂಜೆ ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ ಕಾರ್ಡು ಮಾಡಿದೆ. ಉದ್ದನೆಯದರ ಮೇಲೆ 30, ಅದರ ಅರ್ಧದಷ್ಟಿದ್ದ ತುಂಡಿನ ಮೇಲೆ 5. ಮಾರನೇ ದಿನ ಹುಡುಗನ ಕೈಯಿಂದಲೇ ಐದನ್ನು ಮೂವತ್ತರ ಸೊನ್ನೆಯ ಮೇಲೆ ಇಡಿಸಿದೆ. 35 ಆಯಿತು. ಅವನು ಸ್ವಲ್ಪ ಹೊತ್ತು ನೋಡಿ, ಐದನ್ನು ಮೆಲ್ಲಗೆ ಎತ್ತಿ ಕೆಳಗೆ ಇಣುಕಿದ. ಮತ್ತೆ ಇಟ್ಟ. ಮತ್ತೆ ಎತ್ತಿದ.

"ಇಲ್ಲೇ ಇದೆ ಮಿಸ್! ಐದು ಅದ್ರ ಮೇಲೆ ಕೂತಿದೆ ಅಷ್ಟೆ."

"ಹೌದು ಪುಟ್ಟ, ಎಲ್ಲೂ ಹೋಗಿಲ್ಲ" ಎಂದೆ. ಅವನು ಸ್ಲೇಟು ಎಳೆದುಕೊಂಡು 35 ಎಂದು ಬರೆದ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸತ್ತ ಮಗುವನ್ನು ಯಾರಾದರೂ ಸೊನ್ನೆಗೆ ಹೋಲಿಸಿದರೆ ಅವರ ಜನ್ಮ ಜಾಲಾಡಿಬಿಡುತ್ತೇನೆ. ನನ್ನ ಮಗಳು ಸೊನ್ನೆಯಲ್ಲ. ಆದರೆ ಆ ಹುಡುಗ ಒಂದು ಸೊನ್ನೆಗಾಗಿ ಅಷ್ಟು ಹಟ ಹಿಡಿದಿದ್ದ, ನಾನು ಹೆತ್ತ ಮಗಳಿಗಾಗಿ ಒಂದು ದಿನವೂ ಹಟ ಹಿಡಿದಿರಲಿಲ್ಲ. ಜಗುಲಿಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಆ ಭಾನುವಾರ ಅತ್ತೆ, ಗಂಡ ಇಬ್ಬರ ಎದುರೇ ಟ್ರಂಕು ಇಳಿಸಿ ಫೋಟೋ ತೆಗೆದೆ. ಮಗಳನ್ನು ಹತ್ತಿರ ಕೂರಿಸಿಕೊಂಡು, "ಇವಳು ನಿನ್ನಕ್ಕ. ನಿನ್ನ ಹೆಸರು ಮೊದ್ಲು ಇವಳದು. ಜ್ವರ ಬಂದು ಹೋಗಿಬಿಟ್ಳು" ಎಂದೆ. ಅವಳು ಹೆದರಲಿಲ್ಲ. ಬಹಳ ಹೊತ್ತು ನೋಡಿ, "ಗೆಜ್ಜೆನೂ ಅವಳದೇನಾ?" ಎಂದು ಕೇಳಿದಳು. ಅತ್ತೆ ಫೋಟೋ ತೆಗೆದುಕೊಂಡು ಗಾಜನ್ನು ಸೆರಗಿನಿಂದ ಒರೆಸುತ್ತಲೇ ಕೂತರು. ಗಂಡ ಗೋಡೆಗೆ ಮೊಳೆ ಹೊಡೆದರು.

ಸ್ವಲ್ಪ ದಿನ ಕಳೆದ ಮೇಲೆ ಹೊಳಲೂರಿನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ನಾನೂ ಮಗಳೂ ಬಸ್ಸು ಹತ್ತಿದೆವು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬರು ಕೂತಿದ್ದರು. ಊರು ಕೇಳಿದರು, ಕೆಲಸ ಕೇಳಿದರು.

"ಇವ್ಳೊಬ್ಳೇನಾ ಮಗ್ಳು?"

"ಒಬ್ಬಳೇ" ಎಂಬುದು ರೂಢಿಯಂತೆ ನಾಲಿಗೆಯ ತುದಿಗೆ ಬಂದಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಬ್ರು" ಎಂದೆ. "ಇವಳು ಎರಡನೆಯವಳು."

"ದೊಡ್ಡೋಳು ಬರ್ಲಿಲ್ವಾ?"

"ಅವಳಿಲ್ಲ ಅಜ್ಜಿ. ತೀರಿಕೊಂಡ್ಳು." ಹೊರಗಿನವರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಅಜ್ಜಿ ಬುಟ್ಟಿಯಿಂದ ಮಲ್ಲಿಗೆಯ ಒಂದು ತುಂಡು ಕಿತ್ತು ಮಗಳ ಜಡೆಗೆ ಮುಡಿಸಿದರು. ಅಷ್ಟೇ ಉದ್ದದ ಇನ್ನೊಂದು ತುಂಡು ಕಿತ್ತು ಅವಳ ಕೈಯಲ್ಲಿಟ್ಟರು.

"ಇದು ನಿಮ್ಮಕ್ಕಂಗೆ" ಎಂದರು.

ನಾಮಕರಣ ಮುಗಿಸಿ ಮನೆಗೆ ಬರುವವರೆಗೂ ಮಗಳು ಆ ಹೂವನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು, ಯಾರ ಕೈಗೂ ಕೊಡಲಿಲ್ಲ.