ನೆಲ ಸವೆಸುವ ಅಕ್ಕ

ಬೆಳಕು ಹರಿಯುವ ಹೊತ್ತಿಗಾಗಲೇ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಯಂತ್ರ ಗಿರ್ರೆನ್ನುತ್ತಿದೆ. ನೆಲಕ್ಕೆ ಹಾಸುವ ಲ್ಯಾಮಿನೇಟ್ ಹಲಗೆಯ ಅಂಗೈಯಗಲದ ತುಂಡೊಂದು ಗರಗರ ತಿರುಗುತ್ತಿದೆ. ಉಪ್ಪುಕಾಗದ ಸುತ್ತಿದ ಎರಡು ಪುಟ್ಟ ಗಾಲಿಗಳು ಅದನ್ನು ಉಜ್ಜುತ್ತಿವೆ. ಪಕ್ಕದಲ್ಲಿ ಕುಳಿತ ಹೆಂಗಸು ಆಗಾಗ ಯಂತ್ರ ನಿಲ್ಲಿಸಿ, ಧೂಳು ಒರೆಸಿ, ಭೂತಗನ್ನಡಿ ಹಿಡಿದು ನೋಡುತ್ತಾರೆ. ಜೊತೆಗಾರರ ಬಾಯಲ್ಲಿ ಇವರು ‘ಸವೆತದಕ್ಕ’. ಮಿಕ್ಕವರು ನೆಲ ಹಾಸಿ ಹೊಟ್ಟೆ ಹೊರೆದರೆ ಇವರು ನೆಲ ಹಾಳುಮಾಡಿ ಸಂಬಳ ಎಣಿಸುತ್ತಾರೆ.

“ಇದು ಮರ ಅಲ್ಲ, ಮರದ ಫೋಟೋ. ಮೇಲೊಂದು ಗಟ್ಟಿ ಪದರ ಇರತ್ತೆ. ಅದು ಸವೆದು ಎಷ್ಟು ಸುತ್ತಿಗೆ ಫೋಟೋ ಅಳಿಸೋಕೆ ಶುರುವಾಗತ್ತೆ ಅಂತ ಕಾಯೋದೇ ನನ್ನ ಕೆಲಸ,” ಎನ್ನುತ್ತಾರೆ ಅಕ್ಕ. ಅಳಿಸುವುದು ತಡವಾದಷ್ಟೂ ಹಲಗೆಗಳ ಡಬ್ಬದ ಮೇಲೆ ದೊಡ್ಡ ನಂಬರ್ ಬೀಳುತ್ತದೆ. ಒಂದೆಂದರೆ ಅಪರೂಪಕ್ಕೆ ಕಾಲಿಡುವ ಕೋಣೆಗೆ, ಮೂರು ಮನೆಯ ದಿನನಿತ್ಯದ ಓಡಾಟಕ್ಕೆ, ಐದು ಜನ ಗಿಜಿಗುಡುವ ಅಂಗಡಿಗೆ.

ಅಕ್ಕ ಮೊದಲು ಪ್ಯಾಕಿಂಗ್‌ನಲ್ಲಿದ್ದರು. ಮಗಳ ಕಾಲಿಗೆ ಹುಟ್ಟಿನಿಂದಲೇ ಬಲವಿಲ್ಲ. ಅವಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಾಗ, ಕೂತು ಮಾಡುವ ಕೆಲಸ ಕೇಳಿ ಇಲ್ಲಿಗೆ ಬಂದರು. ಮಗಳಿಗೀಗ ಆರು ವರ್ಷ. ಮನೆಯೆಲ್ಲ ಅವಳದೇ ಕಾರುಬಾರು, ಅದೂ ಅಂಬೆಗಾಲಲ್ಲೇ.

ಈ ಕೆಲಸದವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಅಕ್ಕ ಮಾಡಿದ್ದು ಈ ಕೋಣೆಗೆ ಬಂದ ಹೊಸತರಲ್ಲಿ. “ಮಗಳಿಗೆ ಎಲ್ಲಕ್ಕಿಂತ ಒಳ್ಳೇದೇ ಇರ್ಲಿ ಅಂತ ಮನೆ ನೆಲಕ್ಕೆಲ್ಲ ಐದನೇ ನಂಬರ್ ಹಾಕ್ಸಿದೆ. ಸವೀಬಾರ್ದು ಅಂತ ಮಾಡಿದ್ದು, ಅದರ ಮೈಯೆಲ್ಲ ಒರಟು. ವಾರದೊಳಗೆ ಅವಳ ಮಂಡಿ ತರಚಿಹೋಯ್ತು. ನೆಲಕ್ಕೆ ಒಂದು ಗೀರೂ ಬಿದ್ದಿರ್ಲಿಲ್ಲ.”

ಗಂಡ ಅದನ್ನೆಲ್ಲ ಕಿತ್ತು, ನುಣುಪಾದ ಮೂರನೇ ನಂಬರನ್ನು ತಂದು ತಾವೇ ಹಾಸಿದರು. ಅಂದು ಅಕ್ಕ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರಂತೆ. “ನೆಲ ಎಷ್ಟು ತಡ್ಕೊಳ್ಳತ್ತೆ ಅಂತ ನೋಡಿದ್ನೇ ಹೊರತು, ಮಗು ಎಷ್ಟು ತಡ್ಕೊಳ್ಳತ್ತೆ ಅಂತ ನೋಡಿರ್ಲಿಲ್ಲ ಕಣ್ರೀ.”

ಈಚೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಮಗಳು ಮಂಚದ ಅಂಚು ಹಿಡಿದು ನಿಲ್ಲುತ್ತಾಳೆ. ಹೆಜ್ಜೆ ಇನ್ನೂ ಬಂದಿಲ್ಲ. ಬಂದೇ ಬರುತ್ತದೆಂದು ವೈದ್ಯರೂ ಮಾತು ಕೊಟ್ಟಿಲ್ಲ. ಅಪ್ಪ ಎದುರಿಗೆ ಕೂತು ಕೈ ಚಾಚುತ್ತಾರೆ, ಅವಳು ನಗುತ್ತಾ ಧೊಪ್ಪನೆ ಕೂತುಬಿಡುತ್ತಾಳೆ.

ಏನಾದರೂ ಆಸೆಯಿದೆಯೇ ಎಂದರೆ ಅಕ್ಕ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾರೆ.

“ಮಂಚದಿಂದ ಬಾಗಿಲ ತನಕ ನಡೆದೂ ನಡೆದೂ ಅವಳು ಆ ನೆಲಾನ ಸವೆಸಿಬಿಡ್ಲಿ. ಬೇರೆ ಹಾಕ್ಸೋಣ, ಅದಕ್ಕೇನಂತೆ.”